ಕ್ಯಾಸಲ್ ಹೋವರ್ಡ್ ಸೌಧ: ಮೂಲಕಲ್ಪನೆ ಮತ್ತು ಅನಂತರದ ಸೇರ್ಪಡೆಗಳು

೧

ಪ್ರಾಚೀನ ಕಾವ್ಯಗಳ ಹಸ್ತಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸರಿಗೆ ಪ್ರಕ್ಷೇಪದ ಸಮಸ್ಯೆ ಹೊಸದಲ್ಲ. ಕವಿ ತಾನೇ ಬರೆದ ಪದ್ಯ ಯಾವುದು, ಲಿಪಿಕಾರನೋ ಮುಂದಿನ ಕಾಲದ ಅಭಿಮಾನಿಯೋ ಸೇರಿಸಿದ ಪದ್ಯ ಯಾವುದು ಎಂಬುದನ್ನು ಪಾಠಾಂತರಗಳ ತುಲನೆಯಿಂದ ನಿರ್ಣಯಿಸಿ, ಪ್ರಕ್ಷಿಪ್ತವೆಂದು ತೋರಿದುದನ್ನು ಅಡಿಟಿಪ್ಪಣಿಗೆ ಇಳಿಸುವುದು ಸಂಪಾದಕನ ಕರ್ತವ್ಯಗಳಲ್ಲಿ ಒಂದು. ಹೀಗೆ ಇಳಿಸಿದ ಪದ್ಯ ನಾಶವಾಗುವುದಿಲ್ಲ. ಪುಟದ ಕೆಳಗೆ ಅದು ಉಳಿದೇ ಇರುತ್ತದೆ. ಮುಂದಿನ ವಿದ್ವಾಂಸನು ಬೇಕೆನಿಸಿದರೆ ಅದನ್ನು ಮತ್ತೆ ಮೇಲಕ್ಕೆ ತರಬಹುದು.

ವಾಸ್ತುವಿನ ವಿಮರ್ಶಕನಿಗೆ ಈ ಸೌಕರ್ಯವಿಲ್ಲ. ಕಲ್ಲಿನ ಕಟ್ಟಡಕ್ಕೆ ಅಡಿಟಿಪ್ಪಣಿ ಎಂಬುದಿಲ್ಲ. ಒಬ್ಬ ಶಿಲ್ಪಿ ಕಲ್ಪಿಸಿದ ಸೌಧಕ್ಕೆ ಐವತ್ತು ವರ್ಷಗಳ ಮೇಲೆ ಮತ್ತೊಬ್ಬನು ಒಂದು ಪಾರ್ಶ್ವವನ್ನು ಜೋಡಿಸಿದರೆ, ಆ ಜೋಡಣೆ ಮೂಲದಷ್ಟೇ ಗಟ್ಟಿಯಾಗಿ ಅದರ ಪಕ್ಕದಲ್ಲಿಯೇ ನಿಲ್ಲುತ್ತದೆ. ಅದೇ ಬಿಸಿಲಿನಲ್ಲಿ, ಅದೇ ಅಂಗಳಕ್ಕೆ ತನ್ನ ನೆರಳನ್ನು ಚೆಲ್ಲುತ್ತದೆ. ಅದನ್ನು ಕಾಣದಂತೆ ಮಾಡಿ ಉಳಿದುದನ್ನು ಮಾತ್ರ ಕಾಣಿರೆಂದು ಯಾರೂ ಹೇಳುವಂತಿಲ್ಲ. ಆದರೂ ಇಂಗ್ಲೆಂಡಿನ ಗ್ರಾಮಾಂತರ ಮಹಾಸೌಧಗಳನ್ನು ಕುರಿತ ಬರವಣಿಗೆಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ ಇದೇ: ಮೂಲಶಿಲ್ಪಿಯ ಕಲ್ಪನೆಯನ್ನು ಪ್ರಮಾಣವಾಗಿ ಹಿಡಿದು, ಅನಂತರ ಬಂದುದನ್ನೆಲ್ಲ ಅದಕ್ಕೆ ತಗುಲಿದ ದೋಷವೆಂದು ಎಣಿಸುವುದು. ಈಚಿನ ದಿನಗಳಲ್ಲಿ ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ಮನೋಧರ್ಮವೂ ಬೆಳೆದಿದೆ. ಕಾಲವು ಸೇರಿಸಿದುದೆಲ್ಲವೂ ಇತಿಹಾಸವೇ, ಇತಿಹಾಸವೆಲ್ಲವೂ ಮಾನ್ಯವೇ, ಆದ್ದರಿಂದ ಇಲ್ಲಿ ಗುಣದೋಷಗಳ ವಿಚಾರವೇ ಸಲ್ಲದು ಎಂಬುದು ಆ ಪಕ್ಷದ ನಿಲುವು. ಮೊದಲನೆಯದು ವಿಮರ್ಶೆಯನ್ನು ಸಂಕುಚಿತಗೊಳಿಸುತ್ತದೆ. ಎರಡನೆಯದು ವಿಮರ್ಶೆಗೆ ಎಡೆಯನ್ನೇ ಉಳಿಸುವುದಿಲ್ಲ. ಇವೆರಡರ ನಡುವೆ ಯುಕ್ತವಾದ ಮಾನದಂಡವೊಂದು ದೊರೆಯುವುದೇ ಎಂಬುದನ್ನು ಒಂದು ಸೌಧದ ನಿದರ್ಶನದಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಅದಕ್ಕಾಗಿ ಆರಿಸಿಕೊಂಡಿರುವುದು ಯಾರ್ಕ್‌ಷೈರಿನಲ್ಲಿ, ಯಾರ್ಕ್ ನಗರಕ್ಕೆ ಈಶಾನ್ಯದಲ್ಲಿ ಸುಮಾರು ೧೫ ಮೈಲಿಗಳ ದೂರದಲ್ಲಿರುವ ಕ್ಯಾಸಲ್ ಹೋವರ್ಡ್. ಹೆಸರಿನಲ್ಲಿ 'ಕೋಟೆ' ಎಂದಿದ್ದರೂ ಇದು ಕೋಟೆಯಲ್ಲ. ಹೆಂಡರ್‌ಸ್ಕೆಲ್ಫ್ ಎಂಬ ಹಳೆಯ ಕೋಟೆಯಿದ್ದ ನೆಲದ ಮೇಲೆ, ಅದೇ ಹೆಸರಿನ ಹಳ್ಳಿಯನ್ನೂ ತೆರವು ಮಾಡಿಸಿ, ಕಾರ್ಲೈಲಿನ ಮೂರನೆಯ ಅರ್ಲ್ ಚಾರ್ಲ್ಸ್ ಹೋವರ್ಡ್ ಕಟ್ಟಿಸಿದ ಅರಮನೆ ಇದು. ಒಂದು ಹಳ್ಳಿಯನ್ನೇ ನೆಲದಿಂದ ಅಳಿಸಿ ಎದ್ದ ಸೌಧವನ್ನು ಮುಂದೆ 'ಅಪೂರ್ವ ಏಕತೆಯುಳ್ಳ ಕೃತಿ'ಯೆಂದು ಹೊಗಳುವಾಗ ಈ ಸಂಗತಿ ನಮ್ಮ ನೆನಪಿನಲ್ಲಿರುವುದು ಒಳ್ಳೆಯದು. ಏನನ್ನೂ ಅಳಿಸದೆ, ಏನಕ್ಕೂ ಸೇರದೆ, ಶೂನ್ಯದಲ್ಲಿ ಹುಟ್ಟಿದ ಮೂಲವೆಂಬುದು ವಾಸ್ತುವಿನಲ್ಲಿ ಅತಿ ವಿರಳ.

೨

ಸೌಧದ ಯೋಜನೆ ಆರಂಭವಾದದ್ದು ೧೬೯೯ರಲ್ಲಿ. ಅರ್ಲನು ಮೊದಲು ವಿಲಿಯಂ ಟಾಲ್ಮನ್ ಎಂಬ ಅನುಭವಸ್ಥ ಶಿಲ್ಪಿಯನ್ನು ವಿಚಾರಿಸಿದ್ದನು. ಆದರೆ ಕೊನೆಗೆ ಕೆಲಸವನ್ನು ಒಪ್ಪಿಸಿದುದು ಅದುವರೆಗೆ ಒಂದು ಮನೆಯನ್ನೂ ಕಟ್ಟಿರದ ಜಾನ್ ವ್ಯಾನ್‌ಬ್ರೂವಿಗೆ. ನಮ್ಮ ಕಾಲೇಜುಗಳಲ್ಲಿ ಆಂಗ್ಲಸಾಹಿತ್ಯವನ್ನು ಓದುವವರು ಈತನನ್ನು ಬಲ್ಲುದು ನಾಟಕಕಾರನೆಂದು. ೧೬೯೬ರ 'ದಿ ರಿಲ್ಯಾಪ್ಸ್', ೧೬೯೭ರ 'ದಿ ಪ್ರೊವೋಕ್ಡ್ ವೈಫ್' ಎಂಬ ಹರ್ಷನಾಟಕಗಳಿಂದ ಲಂಡನ್ನಿನ ರಂಗಭೂಮಿಯಲ್ಲಿ ಹೆಸರು ಮಾಡಿದ್ದ ಈ ಮಾಜಿ ಸೈನಿಕನು ತನ್ನ ಮೂವತ್ತೈದನೆಯ ವಯಸ್ಸಿನ ಸುಮಾರಿಗೆ ಶಿಲ್ಪಿಯಾದುದು ಆ ಕಾಲದವರಿಗೂ ವಿಸ್ಮಯದ ವಿಷಯವಾಗಿತ್ತು. ಕ್ರಿಸ್ಟಫರ್ ರೆನ್ನನ ಬಳಿ ಪಳಗಿದ್ದ ನಿಕೊಲಸ್ ಹಾಕ್ಸ್‌ಮೂರ್ ಅವನ ನೆರವಿಗೆ ನಿಂತನು. ಒಬ್ಬನದು ರಂಗಸ್ಥಲದ ಕಣ್ಣು, ಇನ್ನೊಬ್ಬನದು ಕಲ್ಲಿನ ಲೆಕ್ಕಾಚಾರ. ಇವರಿಬ್ಬರ ಕೆಲಸವನ್ನು ಗೆರೆ ಎಳೆದು ಬೇರ್ಪಡಿಸುವುದು ಸುಲಭವಲ್ಲ. ಎಂದಮೇಲೆ 'ಮೂಲಶಿಲ್ಪಿ' ಎಂಬ ಏಕವಚನವೇ ಇಲ್ಲಿ ಸಂದೇಹಾಸ್ಪದವೆಂದಾಯಿತು.

ಯೋಜನೆಯ ಸ್ವರೂಪ ಸ್ಥೂಲವಾಗಿ ಹೀಗಿತ್ತು. ನಡುವೆ ಮಹಾಸಭಾಂಗಣವುಳ್ಳ ಕೇಂದ್ರಭಾಗ. ಅದರ ಹಿಂದೆ, ದಕ್ಷಿಣದ ಉದ್ಯಾನದ ಕಡೆಗೆ, ಎರಡೂ ದಿಕ್ಕಿಗೆ ನೀಳವಾಗಿ ಚಾಚಿದ ಕೋಣೆಗಳ ಸಾಲು. ಉತ್ತರದಲ್ಲಿ, ಬಂದವರನ್ನು ಎದುರುಗೊಳ್ಳುವ ಅಂಗಳದ ಎರಡು ಕಡೆಗಳಲ್ಲಿ, ಬಾಗಿದ ಪಡಸಾಲೆಗಳ ಮೂಲಕ ಕೇಂದ್ರಕ್ಕೆ ಕೂಡಿಕೊಂಡು ಮುಂದಕ್ಕೆ ಬಂದ ಎರಡು ಪಾರ್ಶ್ವಗಳು. ಪೂರ್ವದ ಪಾರ್ಶ್ವ ಹೇಗೋ ಪಶ್ಚಿಮದ ಪಾರ್ಶ್ವವೂ ಹಾಗೆಯೇ ಇರಬೇಕು. ಒಂದು ಮತ್ತೊಂದರ ಪ್ರತಿಬಿಂಬ. ಈ ಎರಡು ತೋಳುಗಳ ನಡುವೆ ನಿಂತವನ ದೃಷ್ಟಿ ಕ್ರಮವಾಗಿ ಮೇಲೇರಿ ನಡುವಣ ಗುಮ್ಮಟದಲ್ಲಿ ನೆಲೆಗೊಳ್ಳಬೇಕು. ಉತ್ತರದ ಮುಖಕ್ಕೆ ಗಡುಸಾದ ಡೋರಿಕ್ ಮಾದರಿಯ ಅರೆಗಂಬಗಳು, ದಕ್ಷಿಣದ ಮುಖಕ್ಕೆ ಲಲಿತವಾದ ಕೊರಿಂಥಿಯನ್ ಮಾದರಿಯವು. ಒಂದೇ ಮನೆಗೆ ಎರಡು ಮಾದರಿಗಳನ್ನು ಬಳಸಬಹುದೇ ಎಂಬ ಆಕ್ಷೇಪಣೆಗೆ, ಎರಡು ಮುಖಗಳನ್ನೂ ಒಮ್ಮೆಗೇ ಕಾಣುವ ಮನುಷ್ಯನಿಲ್ಲವಷ್ಟೆ ಎಂಬ ಸಮಾಧಾನವನ್ನು ವಾಡಿಕೆಯಾಗಿ ಹೇಳುತ್ತಾರೆ. ಇದು ಚಮತ್ಕಾರದ ಮಾತಾಗಿ ಕಂಡರೂ ಇದರಲ್ಲೊಂದು ತತ್ತ್ವವಿದೆ. ಕಟ್ಟಡದ ಏಕತೆ ನಕ್ಷೆಯ ಹಾಳೆಯ ಮೇಲಿರುವ ಏಕತೆಯಲ್ಲ. ನೆಲದ ಮೇಲೆ ನಿಂತು, ನಡೆದು, ತಿರುಗಿ ನೋಡುವ ಮನುಷ್ಯನ ಅನುಭವದಲ್ಲಿ ಸಿದ್ಧಿಸುವ ಏಕತೆ. ಈ ತತ್ತ್ವವನ್ನು ಮುಂದೆ ನಾವು ಮತ್ತೆ ನೆನೆಯಬೇಕಾಗುತ್ತದೆ.

ಕೆಲಸ ೧೭೦೧ರಲ್ಲಿ ಪೂರ್ವಪಾರ್ಶ್ವದಿಂದ ಮೊದಲಾಗಿ ಪಶ್ಚಿಮಾಭಿಮುಖವಾಗಿ ಸಾಗಿತು. ಕೇಂದ್ರಭಾಗವೂ ಗುಮ್ಮಟವೂ ಎದ್ದವು. ದಕ್ಷಿಣದ ಸಾಲಿನ ಪಶ್ಚಿಮದ ತುದಿಯೂ ೧೭೦೯ರ ಹೊತ್ತಿಗೆ ಮುಗಿಯಿತು. ವೆನಿಸ್ಸಿನ ಚಿತ್ರಕಾರ ಜೊವಾನಿ ಅಂಟೋನಿಯೊ ಪೆಲ್ಲೆಗ್ರೀನಿ ಬಂದು ಗುಮ್ಮಟದ ಒಳಮೈಯಲ್ಲಿ ಸೂರ್ಯರಥದಿಂದ ಉರುಳಿ ಬೀಳುವ ಫೇಥನನ ಚಿತ್ರವನ್ನು ಬರೆದನು. ಅಷ್ಟರಲ್ಲಿ ಅರ್ಲನ ಆಸಕ್ತಿಯೂ ಹಣವೂ ಮನೆಯಿಂದ ಸುತ್ತಣ ಬಯಲಿನ ಕಡೆಗೆ ತಿರುಗಿದುವು. ಪಶ್ಚಿಮಪಾರ್ಶ್ವ ಹಾಳೆಯ ಮೇಲೆಯೇ ಉಳಿಯಿತು. ವ್ಯಾನ್‌ಬ್ರೂ ೧೭೨೬ರಲ್ಲಿಯೂ ಹಾಕ್ಸ್‌ಮೂರ್ ೧೭೩೬ರಲ್ಲಿಯೂ ಅರ್ಲನು ೧೭೩೮ರಲ್ಲಿಯೂ ತೀರಿಕೊಂಡರು. ಸೌಧ ನಲವತ್ತು ವರ್ಷಗಳಿಗೂ ಮಿಕ್ಕಿ ಒಂದೇ ತೋಳಿನ ಆಕೃತಿಯಾಗಿ ನಿಂತಿತ್ತು.

೩

ಹೀಗೆ ಅರೆಯಾಗಿ ನಿಂತ ಸೌಧ ಪೂರ್ಣವಾಗಿ ಇದ್ದ ಸ್ಥಳವೊಂದಿದೆ: ಅದು ಪುಸ್ತಕ. ಕೋಲೆನ್ ಕ್ಯಾಂಬೆಲ್ ೧೭೧೫ರಲ್ಲಿ ಪ್ರಕಟಿಸಿದ 'ವಿಟ್ರುವಿಯಸ್ ಬ್ರಿಟಾನಿಕಸ್' ಗ್ರಂಥದ ಮೊದಲ ಸಂಪುಟದಲ್ಲಿ ಕ್ಯಾಸಲ್ ಹೋವರ್ಡಿನ ನಕ್ಷೆಯನ್ನೂ ಮುಖಚಿತ್ರಗಳನ್ನೂ ತಾಮ್ರಪಟದಿಂದ ಅಚ್ಚು ಮಾಡಿಸಿ ಕೊಡಲಾಗಿದೆ. ೧೭೨೫ರ ಮೂರನೆಯ ಸಂಪುಟದಲ್ಲಿ ಆಕಾಶದಿಂದ ನೋಡಿದಂತೆ ಬಿಡಿಸಿದ ಚಿತ್ರವೂ ಇದೆ. ಈ ಚಿತ್ರಗಳಲ್ಲಿ ಎರಡು ತೋಳುಗಳೂ ಇವೆ, ಎರಡೂ ಸಮವಾಗಿವೆ. ಅನಂತರದ ವಿಮರ್ಶಕರು ಸೌಧವನ್ನು ಅಳೆಯಲು ಹಿಡಿದ ಅಳತೆಗೋಲು ಹೆಚ್ಚಾಗಿ ಈ ಅಚ್ಚಿನ ಚಿತ್ರವೇ. ಎಂದರೆ ಕಟ್ಟಿದ ಮನೆಯನ್ನು ಎಂದೂ ಕಟ್ಟದ ಮನೆಯೊಡನೆ ಹೋಲಿಸಿ, ಕಟ್ಟಿದ್ದು ಕಡಮೆಯಾಯಿತೆಂದು ತೀರ್ಪು ಕೊಟ್ಟಂತಾಯಿತು. ಸಮುದ್ರದಾಚೆ ಇದ್ದುಕೊಂಡು ನಕ್ಷೆ, ಛಾಯಾಚಿತ್ರ, ಗ್ರಂಥಗಳ ಮೂಲಕವೇ ಇಂಥ ಕಟ್ಟಡಗಳನ್ನು ಅಭ್ಯಸಿಸುವ ನಮಗಂತೂ ಈ ಅಪಾಯ ಇಮ್ಮಡಿಯಾದುದು. ಹಾಳೆಯ ಮೇಲೆ ಸಮಾಂಗತೆಯೇ ಸೌಂದರ್ಯವೆಂದು ತೋರುವುದು ಸಹಜ.

ಇನ್ನೊಂದು ಅಂಶವನ್ನು ಇಲ್ಲಿ ಗಮನಿಸಬೇಕು. ಇಂದು ಕ್ಯಾಸಲ್ ಹೋವರ್ಡ್ ಎಂದೊಡನೆ ಎಲ್ಲರ ಮನಸ್ಸಿಗೂ ಬರುವುದು ಅದರ ಗುಮ್ಮಟ. ಇಂಗ್ಲೆಂಡಿನಲ್ಲಿ ಖಾಸಗಿ ವಾಸಗೃಹವೊಂದಕ್ಕೆ ಇಂಥ ಗುಮ್ಮಟವನ್ನು ಇಟ್ಟುದು ಅದೇ ಮೊದಲು. ಆದರೆ ಮೊದಮೊದಲ ಕರಡುಚಿತ್ರಗಳಲ್ಲಿ ಈ ಗುಮ್ಮಟವಿಲ್ಲ. ಯೋಜನೆ ಬೆಳೆಯುತ್ತ ಹೋದಂತೆ ಅದು ತಡವಾಗಿ ಬಂದು ಸೇರಿದ್ದು. ಎಂದ ಮೇಲೆ ಸೌಧದ ಕಿರೀಟವೆಂದು ನಾವು ಎಣಿಸುವುದೇ ಒಂದು ಅರ್ಥದಲ್ಲಿ ಸೇರ್ಪಡೆ! ಅದನ್ನು ಯಾರೂ ದೋಷವೆಂದಿಲ್ಲ. ಅದೇ ಶಿಲ್ಪಿಯ ಕೈ ಅದನ್ನು ಸೇರಿಸಿತೆಂಬುದು ಇದಕ್ಕೆ ಪೂರ್ಣವಾದ ಕಾರಣವಲ್ಲ. ಗುಮ್ಮಟ ಬಂದ ಮೇಲೆ ಕೆಳಗಿನ ಸಭಾಂಗಣಕ್ಕೆ ಅರ್ಥ ಬಂದಿತು, ಚೆದುರಿಹೋಗಬಹುದಾಗಿದ್ದ ಉದ್ದನೆಯ ಸಾಲುಗಳಿಗೆ ಒಂದು ನಡು ದೊರೆಯಿತು. ಮೊದಲಿನ ಯೋಜನೆಯಲ್ಲಿ ಅವ್ಯಕ್ತವಾಗಿದ್ದ ಬೇಡಿಕೆಯೊಂದನ್ನು ಅದು ಪೂರೈಸಿತು. ಆದುದರಿಂದ ಸೇರ್ಪಡೆಯೊಂದರ ಯೋಗ್ಯತೆಯನ್ನು ನಿರ್ಣಯಿಸುವಾಗ ಅದು ಎಂದು ಬಂತು, ಯಾರಿಂದ ಬಂತು ಎಂಬುದಕ್ಕಿಂತ, ಇದ್ದುದಕ್ಕೆ ಅದು ಏನು ಮಾಡಿತು ಎಂಬುದೇ ಮುಖ್ಯವಾದ ಪ್ರಶ್ನೆ.

೪

ಈ ಪ್ರಶ್ನೆಯನ್ನು ಹಿಡಿದುಕೊಂಡು ವಿವಾದಗ್ರಸ್ತವಾದ ಪಶ್ಚಿಮಪಾರ್ಶ್ವದ ಬಳಿಗೆ ಬರಬಹುದು. ಅದನ್ನು ಕಟ್ಟಿಸಿದವನು ನಾಲ್ಕನೆಯ ಅರ್ಲ್. ರೂಪಿಸಿದವನು ಅವನ ಭಾವಮೈದುನ, ಮೂರನೆಯ ಅರ್ಲನ ಅಳಿಯ ಸರ್ ಥಾಮಸ್ ರಾಬಿನ್ಸನ್. ಕಾಲ ೧೭೫೩ರಿಂದ ೧೭೫೯. ಅಷ್ಟರಲ್ಲಿ ಇಂಗ್ಲೆಂಡಿನ ಅಭಿರುಚಿ ಬದಲಾಗಿತ್ತು. ವ್ಯಾನ್‌ಬ್ರೂವಿನ ಬರೋಕ್ ರೀತಿಯ ಗಾತ್ರ, ಚಲನೆ, ನೆರಳುಬೆಳಕಿನ ಏರಿಳಿತಗಳು ಹೊಸ ತಲೆಮಾರಿಗೆ ಅತಿಯೆಂದು ತೋರಿದ್ದುವು. ಇಟಲಿಯ ಪಲ್ಲಾಡಿಯೊವನ್ನು ಗುರುವೆಂದು ಸ್ವೀಕರಿಸಿದ್ದ ಬರ್ಲಿಂಗ್ಟನ್ ಪ್ರಭುವಿನ ವರ್ಗದವರು ಪ್ರಮಾಣಬದ್ಧವೂ ಸಂಯತವೂ ಆದ ಶೈಲಿಯನ್ನು ಎತ್ತಿಹಿಡಿದಿದ್ದರು. ರಾಬಿನ್ಸನ್ ಆ ವರ್ಗಕ್ಕೆ ಸೇರಿದವನು. ರೋಕ್‌ಬಿ ಎಂಬಲ್ಲಿ ತನ್ನ ಮನೆಯನ್ನು ಆ ರೀತಿಯಲ್ಲಿಯೇ ಕಟ್ಟಿಕೊಂಡವನು. ಮಾವನ ಮನೆಯನ್ನು ಪೂರ್ಣಗೊಳಿಸುವ ಅವಕಾಶ ಬಂದಾಗ ಅವನು ವ್ಯಾನ್‌ಬ್ರೂವಿನ ನಕ್ಷೆಯನ್ನು ಬದಿಗಿರಿಸಿ, ತನ್ನ ಮತಕ್ಕೆ ಅನುಗುಣವಾದ ಪಾರ್ಶ್ವವನ್ನು ಕಟ್ಟಿದನು. ಅದು ಪೂರ್ವಪಾರ್ಶ್ವಕ್ಕಿಂತ ದೊಡ್ಡದು, ಭಾರವಾದುದು, ಅಲಂಕಾರದಲ್ಲಿ ಮಿತವಾದುದು. ಕಟ್ಟಿದರೂ ಅದರ ಒಳಗಿನ ಕೆಲಸ ಬಹುಕಾಲ ಮುಗಿಯಲಿಲ್ಲ. ಐದನೆಯ ಅರ್ಲನ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಚಾರ್ಲ್ಸ್ ಹೀತ್‌ಕೋಟ್ ಟೇಥಮ್ ಅಲ್ಲಿನ ನೀಳವಾದ ಚಿತ್ರಶಾಲೆಯನ್ನು ಸಿದ್ಧಪಡಿಸಿದನು. ಅಲ್ಲಿನ ಪ್ರಾರ್ಥನಾಮಂದಿರ ೧೮೭೦ರ ದಶಕದಲ್ಲಿ ಹೊಸ ಅಲಂಕಾರವನ್ನು ಪಡೆಯಿತು. ಬರ್ನ್-ಜೋನ್ಸ್ ರೂಪಿಸಿದ, ವಿಲಿಯಂ ಮಾರಿಸನ ಕಾರ್ಖಾನೆಯಲ್ಲಿ ತಯಾರಾದ ಬಣ್ಣದ ಗಾಜಿನ ಕಿಟಕಿಗಳು ಅಲ್ಲಿವೆ.

ರಾಬಿನ್ಸನನ ಮೇಲಿರುವ ಆಪಾದನೆ ಸರಳವಾದುದು: ಅವನು ಸಮಾಂಗತೆಯನ್ನು ಕೆಡಿಸಿದನು. ಆದರೆ ಇದೊಂದನ್ನೇ ಅಪರಾಧವೆಂದರೆ ನ್ಯಾಯವಾಗದು. ವ್ಯಾನ್‌ಬ್ರೂ ತಾನೇ ತನ್ನ ಕೀರ್ತಿಯನ್ನು ಆರಂಭಿಸಿದುದು ಇಂಥ ಸೇರ್ಪಡೆಯಿಂದ. ೧೬೯೬ರಲ್ಲಿ ಕಾಲಿ ಸಿಬ್ಬರ್ 'ಲವ್ಸ್ ಲಾಸ್ಟ್ ಷಿಫ್ಟ್' ಎಂಬ ನಾಟಕವನ್ನು ಆಡಿಸಿ, ದುಂದುಗಾರನಾದ ಗಂಡನು ಕೊನೆಯ ಅಂಕದಲ್ಲಿ ಪಶ್ಚಾತ್ತಾಪಪಟ್ಟು ಹೆಂಡತಿಯ ಬಳಿಗೆ ಮರಳುವಂತೆ ಮಾಡಿದ್ದನು. ಅದೇ ವರ್ಷ ವ್ಯಾನ್‌ಬ್ರೂ 'ದಿ ರಿಲ್ಯಾಪ್ಸ್' ನಾಟಕದಲ್ಲಿ ಅದೇ ಪಾತ್ರಗಳನ್ನು ಎತ್ತಿಕೊಂಡು, ಆ ಗಂಡ ಮತ್ತೆ ಜಾರುವುದನ್ನು ತೋರಿಸಿದನು. ಪರರ ಕೃತಿಗೆ ಜೋಡಿಸಿದ, ಆ ಕೃತಿಯ ನಿಲುವನ್ನೇ ಪ್ರಶ್ನಿಸಿದ ಸೇರ್ಪಡೆ ಅದು. ಅದನ್ನು ಸಾಹಿತ್ಯಚರಿತ್ರೆ ದೋಷವೆಂದು ಎಣಿಸಿಲ್ಲ. ಸಿಬ್ಬರನ ನಾಟಕಕ್ಕಿಂತಲೂ ಹೆಚ್ಚಿನ ಬೆಲೆಯನ್ನು ಅದಕ್ಕೆ ಕೊಟ್ಟಿದೆ. ಏಕೆಂದರೆ ವ್ಯಾನ್‌ಬ್ರೂ ಸಿಬ್ಬರನ ನಾಟಕವನ್ನು ಚೆನ್ನಾಗಿ ಓದಿದ್ದನು. ಅದು ಎಲ್ಲಿ ಸುಲಭವಾಗಿ ಮುಗಿಯಿತೋ ಅಲ್ಲಿಂದಲೇ ಆರಂಭಿಸಿ ಉತ್ತರ ಕೊಟ್ಟನು. ಭಿನ್ನಾಭಿಪ್ರಾಯವಿದ್ದರೂ ಅಲ್ಲಿ ಸಂವಾದವಿದೆ.

ರಾಬಿನ್ಸನನ ಪಾರ್ಶ್ವವನ್ನು ಈ ದೃಷ್ಟಿಯಿಂದ ನೋಡಬೇಕು. ಪಶ್ಚಿಮದಲ್ಲಿ ನಿಂತು ಅದೊಂದನ್ನೇ ನೋಡಿದರೆ ಅದು ಕಳಪೆ ಕೆಲಸವಲ್ಲ. ಅಳತೆ ಹಿತವಾಗಿದೆ, ಕಿಟಕಿಗಳ ಸಾಲು ಶಾಂತವಾಗಿದೆ. ಬೇರೊಂದು ಬಯಲಿನಲ್ಲಿ, ಬೇರೊಬ್ಬ ಪ್ರಭುವಿನ ಮನೆಯಾಗಿ ನಿಂತಿದ್ದರೆ ಯಾರೂ ಹಳಿಯುತ್ತಿರಲಿಲ್ಲ. ಉತ್ತರದ ಅಂಗಳದಲ್ಲಿ ನಿಂತಾಗ ಮಾತ್ರ ತೊಡಕು ಕಾಣಿಸಿಕೊಳ್ಳುತ್ತದೆ. ಎಡಗಡೆ ವ್ಯಾನ್‌ಬ್ರೂವಿನ ಪೂರ್ವಪಾರ್ಶ್ವ ತಗ್ಗಿ, ಬಾಗಿದ ಪಡಸಾಲೆಯ ಮೂಲಕ ದೃಷ್ಟಿಯನ್ನು ಮೆಲ್ಲನೆ ಕೇಂದ್ರಕ್ಕೆ ಒಪ್ಪಿಸುತ್ತದೆ. ಬಲಗಡೆ ರಾಬಿನ್ಸನನ ಪಾರ್ಶ್ವ ದೃಷ್ಟಿಯನ್ನು ಕೇಂದ್ರಕ್ಕೆ ಒಪ್ಪಿಸುವುದಿಲ್ಲ. ತನ್ನಲ್ಲಿಯೇ ತಡೆದು ನಿಲ್ಲಿಸಿಕೊಳ್ಳುತ್ತದೆ. ಒಂದು ಕಡೆ ಪರಿವಾರ, ಇನ್ನೊಂದು ಕಡೆ ಪ್ರತಿಸ್ಪರ್ಧಿ. ಅಂಗಾಂಗಿಭಾವ ಎಂದು ನಮ್ಮ ಅಲಂಕಾರಶಾಸ್ತ್ರ ಯಾವುದನ್ನು ಕರೆಯುತ್ತದೆಯೋ ಅದಕ್ಕೆ ಭಂಗ ಬಂದಿರುವುದು ಇಲ್ಲಿ. ಅಂಗವು ಅಂಗಿಗಿಂತ ಭಿನ್ನವಾಗಿದೆ ಎಂಬುದು ದೋಷವಲ್ಲ. ಅಂಗವು ತಾನೂ ಅಂಗಿಯಾಗಬಯಸಿದುದು ದೋಷ.

ಆದುದರಿಂದ ರಾಬಿನ್ಸನನ ವಿಷಯದಲ್ಲಿ ನಾವು ಹೇಳಬಹುದಾದ ನ್ಯಾಯವಾದ ತೀರ್ಪು ಇಷ್ಟು: ಅವನು ಒಳ್ಳೆಯ ಮುಖವೊಂದನ್ನು ಕಟ್ಟಿದನು, ಆದರೆ ಒಳ್ಳೆಯ ಪಾರ್ಶ್ವವನ್ನು ಕಟ್ಟಲಿಲ್ಲ. ಅವನ ಲೋಪ ಅಭಿರುಚಿಯದಲ್ಲ, ಅವಧಾನದ್ದು. ಎದುರಿಗಿದ್ದ ಕೃತಿ ಏನನ್ನು ಕೇಳುತ್ತಿದೆ ಎಂಬುದಕ್ಕೆ ಕಿವಿಗೊಡದೆ, ತನ್ನ ಪಂಥ ಏನನ್ನು ಹೇಳುತ್ತದೆ ಎಂಬುದನ್ನಷ್ಟೇ ಅವನು ಕೇಳಿದನು.

೫

ಈ ಮಾತು ಉತ್ಪ್ರೇಕ್ಷೆಯಲ್ಲ ಎಂಬುದಕ್ಕೆ ಅದೇ ಆವರಣದಲ್ಲಿ, ಅದೇ ಪಂಥದ ಕೈಯಿಂದ ಬಂದ ಇನ್ನೊಂದು ಸೇರ್ಪಡೆ ಸಾಕ್ಷಿಯಾಗಿದೆ. ಸೌಧದಿಂದ ದೂರದಲ್ಲಿ, ತೆರೆದ ಬಯಲಿನ ದಿಣ್ಣೆಯ ಮೇಲೆ, ಹೋವರ್ಡ್ ಮನೆತನದ ಸಮಾಧಿಮಂದಿರವಿದೆ. ಹಾಕ್ಸ್‌ಮೂರ್ ರೂಪಿಸಿದ ಈ ವರ್ತುಲಾಕಾರದ ಕಟ್ಟಡದ ಕೆಲಸ ೧೭೨೯ರಲ್ಲಿ ಮೊದಲಾಯಿತು. ಅವನು ತೀರಿಕೊಂಡ ಮೇಲೆ ೧೭೪೨ರಲ್ಲಿ ಮುಗಿಯಿತು. ಸುತ್ತಲೂ ಇಪ್ಪತ್ತು ಡೋರಿಕ್ ಕಂಬಗಳು, ಮೇಲೆ ಗುಮ್ಮಟ, ಒಟ್ಟು ಎತ್ತರ ಸುಮಾರು ೯೦ ಅಡಿ.

ಚರ್ಚಿನ ಆವರಣವನ್ನು ಬಿಟ್ಟು, ಬಯಲಿನಲ್ಲಿ ಪ್ರತ್ಯೇಕವಾಗಿ ಸಮಾಧಿಮಂದಿರವನ್ನು ನಿಲ್ಲಿಸುವುದು ಆಗಿನ ಇಂಗ್ಲೆಂಡಿಗೆ ಹೊಸ ಸಂಗತಿ. ಇದರ ಹಿನ್ನೆಲೆಯಲ್ಲಿ ಭಾರತದ ಪಾತ್ರವೂ ಇರುವುದು ನಮಗೆ ಕುತೂಹಲಕರವಾದುದು. ವ್ಯಾನ್‌ಬ್ರೂ ತನ್ನ ತಾರುಣ್ಯದಲ್ಲಿ, ೧೬೮೦ರ ದಶಕದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಸೂರತ್ತಿನಲ್ಲಿ ಇದ್ದನೆಂಬುದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದ ಸಂಶೋಧನೆಯಿಂದ ಸ್ಪಷ್ಟವಾಗಿದೆ. ಸೂರತ್ತಿನ ಆಂಗ್ಲರು ತಮ್ಮ ಮೃತರಿಗೆ ಈ ದೇಶದ ಗೋರಿಗಳ ಮಾದರಿಯಲ್ಲಿ ಗುಮ್ಮಟಗಳುಳ್ಳ ಸಮಾಧಿಗಳನ್ನು ಊರ ಹೊರಗೆ ಕಟ್ಟಿಸಿದ್ದರು. ೧೭೧೧ರಲ್ಲಿ ಲಂಡನ್ನಿನ ಹೊಸ ಚರ್ಚುಗಳ ನಿರ್ಮಾಣದ ವಿಷಯವಾಗಿ ಸಲಹೆ ಬರೆದುಕೊಟ್ಟಾಗ, ಚರ್ಚಿನೊಳಗೆ ಹೂಳುವುದನ್ನು ಬಿಟ್ಟು ಊರ ಹೊರಗೆ ಸ್ಮಶಾನಗಳನ್ನು ಏರ್ಪಡಿಸಬೇಕೆಂದು ವಾದಿಸಿ, ವ್ಯಾನ್‌ಬ್ರೂ ಸೂರತ್ತಿನ ಆ ಸ್ಮಶಾನದ ರೇಖಾಚಿತ್ರವನ್ನೇ ಬರೆದು ತೋರಿಸಿದನು. ಕ್ಯಾಸಲ್ ಹೋವರ್ಡಿನ ಸಮಾಧಿಮಂದಿರದ ರೂಪ ರೋಮಿನಿಂದ ಬಂದುದು, ಅದರಲ್ಲಿ ಸಂದೇಹವಿಲ್ಲ. ಆದರೆ ಬಯಲಿನಲ್ಲಿ ಸಮಾಧಿ ಎಂಬ ವಿಚಾರ ವ್ಯಾನ್‌ಬ್ರೂವಿನ ಮನಸ್ಸಿನಲ್ಲಿ ತಾಪ್ತಿಯ ದಡದ ನೆನಪಿನೊಡನೆ ಬೆಳೆದಿತ್ತೆಂಬುದನ್ನು ಮರೆಯಲಾಗದು. ಶುದ್ಧವಾಗಿ ಆಂಗ್ಲವೆಂದು ಎಣಿಸಲಾದ ಭೂದೃಶ್ಯದ ಮೂಲದಲ್ಲಿಯೇ ಹೀಗೆ ಪರದೇಶದ ಸೇರ್ಪಡೆಯೊಂದು ಅಡಗಿದೆ.

ಈ ಮಂದಿರದ ಕಂಬಗಳು ಒಂದಕ್ಕೊಂದು ತೀರ ಒತ್ತಾಗಿವೆಯೆಂದು ಬರ್ಲಿಂಗ್ಟನ್ ಆಕ್ಷೇಪಿಸಿದನು. ಹಾಕ್ಸ್‌ಮೂರ್ ಪ್ರಾಚೀನ ನಿದರ್ಶನಗಳನ್ನು ಮುಂದಿಟ್ಟು ತನ್ನ ಕಂಬಗಳನ್ನು ಸಮರ್ಥಿಸಿಕೊಂಡನು. ಕಂಬಗಳು ಒತ್ತಾಗಿಯೇ ಉಳಿದುವು. ಆ ಒತ್ತಿನಲ್ಲಿಯೇ ಮಂದಿರದ ಗಾಂಭೀರ್ಯವಿದೆ ಎಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅವನು ಗತಿಸಿದ ಮೇಲೆ ಡೇನಿಯಲ್ ಗ್ಯಾರೆಟ್ ಎಂಬ ಪಲ್ಲಾಡಿಯನ್ ಪಂಥದ ಶಿಲ್ಪಿ, ಚಿಸಿಕ್ಕಿನಲ್ಲಿರುವ ಬರ್ಲಿಂಗ್ಟನನ ಸೌಧದ ಸೋಪಾನವನ್ನು ಮಾದರಿಯಾಗಿಟ್ಟುಕೊಂಡು, ಈ ಮಂದಿರಕ್ಕೆ ಮೆಟ್ಟಿಲುಗಳನ್ನು ಸೇರಿಸಿದನು. ಪಂಥ ಅದೇ, ಕಾಲ ಹೆಚ್ಚು ಕಡಮೆ ಅದೇ. ಆದರೂ ಇಲ್ಲಿ ಘರ್ಷಣೆಯಿಲ್ಲ. ಮೆಟ್ಟಿಲುಗಳು ಮೆಟ್ಟಿಲುಗಳಾಗಿಯೇ ಇವೆ. ನೆಲದಿಂದ ಕಂಬಗಳವರೆಗೆ ಮನುಷ್ಯನನ್ನು ಕರೆದೊಯ್ದು ಅಲ್ಲಿಗೆ ನಿಲ್ಲುತ್ತವೆ. ಇದರಿಂದ ಸಿದ್ಧವಾಗುವುದೇನೆಂದರೆ, ಶೈಲಿಯ ಭೇದವೊಂದೇ ಸೇರ್ಪಡೆಯನ್ನು ಕೆಡಿಸುವುದಿಲ್ಲ. ತನ್ನ ಸ್ಥಾನವನ್ನು ಅರಿತ ಸೇರ್ಪಡೆ ಬೇರೆ ಶೈಲಿಯದಾದರೂ ಮೂಲದಲ್ಲಿ ಇಂಗುತ್ತದೆ.

೬

೧೯೪೦ನೆಯ ಇಸವಿ ನವೆಂಬರ್ ೯ರಂದು ಕ್ಯಾಸಲ್ ಹೋವರ್ಡಿಗೆ ಬೆಂಕಿ ಬಿದ್ದಿತು. ಯುದ್ಧದ ಕಾರಣದಿಂದ ಸ್ಥಳಾಂತರಗೊಂಡಿದ್ದ ಬಾಲಿಕೆಯರ ಶಾಲೆಯೊಂದು ಆಗ ಅಲ್ಲಿ ನಡೆಯುತ್ತಿತ್ತು. ಸುಮಾರು ಇಪ್ಪತ್ತು ಕೋಣೆಗಳು ಸುಟ್ಟುಹೋದುವು. ಗುಮ್ಮಟ ಕುಸಿದು ಸಭಾಂಗಣದೊಳಕ್ಕೆ ಬಿದ್ದಿತು. ಪೆಲ್ಲೆಗ್ರೀನಿಯ ಫೇಥನ್ ಎರಡನೆಯ ಬಾರಿ, ಈ ಸಲ ನಿಜವಾಗಿಯೇ, ಬೆಂಕಿಯೊಡನೆ ನೆಲಕ್ಕೆ ಉರುಳಿದನು. ಬೆಂದುದು ಬಹುಮಟ್ಟಿಗೆ ವ್ಯಾನ್‌ಬ್ರೂವಿನ ಭಾಗ. ಬಹುಕಾಲದಿಂದ ಹಳಿಸಿಕೊಂಡು ಬಂದಿದ್ದ ರಾಬಿನ್ಸನನ ಪಾರ್ಶ್ವ ಉಳಿದುಕೊಂಡಿತು.

ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಇಂಥ ಮಹಾಸೌಧಗಳನ್ನು ಕೆಡವಿಹಾಕುವುದು ಸಾಮಾನ್ಯವಾಗಿತ್ತು. ನೂರಾರು ಸೌಧಗಳು ಹಾಗೆಯೇ ಕಣ್ಮರೆಯಾದುವು. ಯುದ್ಧದಿಂದ ಹಿಂದಿರುಗಿದ ಜಾರ್ಜ್ ಹೋವರ್ಡ್ ಅದಕ್ಕೆ ಒಪ್ಪದೆ ೧೯೫೨ರಲ್ಲಿ ಸೌಧವನ್ನು ಸಾರ್ವಜನಿಕರಿಗೆ ತೆರೆದನು. ೧೯೬೦ರಿಂದ ೧೯೬೨ರವರೆಗೆ ಗುಮ್ಮಟವನ್ನು ಮತ್ತೆ ಕಟ್ಟಿಸಿದನು. ಸ್ಕಾಟ್ ಮೆಡ್ ಎಂಬ ಚಿತ್ರಕಾರನು ಫೇಥನನ ಪತನವನ್ನು ಪುನಃ ಬರೆದನು.

ಈ ಪುನರ್ನಿರ್ಮಾಣದ ಬಗ್ಗೆ ವಿಮರ್ಶಕನು ಏನು ಹೇಳಬೇಕು? ಶುದ್ಧಮೂಲವಾದಿಯ ದೃಷ್ಟಿಯಲ್ಲಿ ೧೯೬೨ರ ಗುಮ್ಮಟ ವ್ಯಾನ್‌ಬ್ರೂವಿನದಲ್ಲ, ಅದರ ಅನುಕರಣ ಮಾತ್ರ. ಹಾಗಾದರೆ ರಾಬಿನ್ಸನನ ಪಾರ್ಶ್ವವೇ ಅದಕ್ಕಿಂತ ಹೆಚ್ಚು 'ಅಸಲಿ' ಎಂದು ಅವನು ಒಪ್ಪಬೇಕಾಗುತ್ತದೆ. ಇತಿಹಾಸವೆಲ್ಲವೂ ಮಾನ್ಯವೆನ್ನುವವನ ದೃಷ್ಟಿಯಲ್ಲಿ ಬೆಂಕಿಯೂ ಇತಿಹಾಸವೇ. ಸುಟ್ಟ ಗೋಡೆಗಳನ್ನು ಹಾಗೆಯೇ ಬಿಡಬೇಕಾಗಿತ್ತು. ಎರಡೂ ವಾದಗಳು ತರ್ಕಕ್ಕೆ ಸರಿ, ಅನುಭವಕ್ಕೆ ವಿರುದ್ಧ. ಏಕೆಂದರೆ ಗುಮ್ಮಟವಿಲ್ಲದ ಆ ಇಪ್ಪತ್ತು ವರ್ಷಗಳಲ್ಲಿ ಒಂದು ಸತ್ಯ ವ್ಯಕ್ತವಾಯಿತು. ಎರಡು ಅಸಮವಾದ ತೋಳುಗಳನ್ನು ಹಿಡಿದು ನಿಲ್ಲಿಸುವ ಶಕ್ತಿ ಆ ಗುಮ್ಮಟದಲ್ಲಿತ್ತು. ತೋಳುಗಳು ಸಮವಾಗಿದ್ದಿದ್ದರೆ ಸಮಾಂಗತೆಯೇ ನಡುವನ್ನು ಸೂಚಿಸುತ್ತಿತ್ತು, ಗುಮ್ಮಟ ಅದನ್ನು ಘೋಷಿಸುತ್ತಿತ್ತು, ಅಷ್ಟೆ. ರಾಬಿನ್ಸನ್ ಸಮತೆಯನ್ನು ಕೆಡಿಸಿದ ಮೇಲೆ ನಡುವನ್ನು ಕಾಯುವ ಹೊಣೆಯೆಲ್ಲ ಗುಮ್ಮಟದ ಮೇಲೆ ಬಿದ್ದಿತು. ಹೀಗೆ ವಿಚಿತ್ರವಾದ ರೀತಿಯಲ್ಲಿ ಈ ಸೇರ್ಪಡೆ ಮೂಲದ ಒಂದು ಅಂಗವನ್ನು ಹಿಂದಿಗಿಂತ ಹೆಚ್ಚು ಅನಿವಾರ್ಯವಾಗಿ ಮಾಡಿತು. ರಾಬಿನ್ಸನ್ ಇದನ್ನು ಉದ್ದೇಶಿಸಿರಲಿಲ್ಲ, ಆದ್ದರಿಂದ ಇದರ ಶ್ರೇಯಸ್ಸು ಅವನಿಗೆ ಸಲ್ಲದು. ಆದರೆ ಇಂದಿನ ಕಟ್ಟಡದ ಅರ್ಥದಲ್ಲಿ ಇದು ಸೇರಿಹೋಗಿದೆ. ಗುಮ್ಮಟವನ್ನು ಮತ್ತೆ ಎತ್ತಿಸಿದ್ದು ಹಳೆಯ ಚಿತ್ರವೊಂದರ ಮೇಲಿನ ಮೋಹದಿಂದ ಮಾತ್ರವಲ್ಲ, ಕಟ್ಟಡದ ಅಗತ್ಯಕ್ಕೆ ಓಗೊಟ್ಟು ಎಂದು ತಿಳಿಯುವುದಾದರೆ ಅದು ಸಮರ್ಥನೀಯವಾದ ಕಾರ್ಯ.

ದಕ್ಷಿಣದ ಉದ್ಯಾನ ಸಭಾಂಗಣದ ಕಥೆ ಬೇರೆ. ೧೯೪೫ರಲ್ಲಿ ಪ್ರಕಟವಾದ ಇವೆಲಿನ್ ವಾ ಅವರ 'ಬ್ರೈಡ್ಸ್‌ಹೆಡ್ ರೀವಿಸಿಟೆಡ್' ಕಾದಂಬರಿಯನ್ನು ಗ್ರನಾಡಾ ಸಂಸ್ಥೆ ದೂರದರ್ಶನಕ್ಕಾಗಿ ಇಲ್ಲಿ ಚಿತ್ರೀಕರಿಸಿ ೧೯೮೧ರಲ್ಲಿ ಪ್ರಸಾರ ಮಾಡಿತು. ಆ ಚಿತ್ರೀಕರಣದ ನೆರವಿನಿಂದ ಸುಟ್ಟುಹೋಗಿದ್ದ ಸಭಾಂಗಣ ಮೇಲೆದ್ದಿತು. ಜೂಲಿಯನ್ ಬಿಕ್ನೆಲ್ ಅದನ್ನು ಹಿಂದೆ ಇದ್ದಂತೆ ನಕಲು ಮಾಡಲಿಲ್ಲ. ವ್ಯಾನ್‌ಬ್ರೂವಿನ ರೀತಿಯಲ್ಲಿ ಹೊಸದಾಗಿ ಕಲ್ಪಿಸಿದನು. ಗೋಡೆಗಳಿಗೆ ಫೆಲಿಕ್ಸ್ ಕೆಲಿ ಕಾಲ್ಪನಿಕ ಸೌಧಗಳ ಚಿತ್ರಗಳನ್ನು ಬರೆದನು. ನಾಟಕಕಾರನು ಕಟ್ಟಿದ ಮನೆಗೆ ಎರಡೂಮುಕ್ಕಾಲು ಶತಮಾನಗಳ ಮೇಲೆ ಅಭಿನಯವೇ ಒಂದು ಕೋಣೆಯನ್ನು ಕಟ್ಟಿಕೊಟ್ಟಿತು. ಆದರೆ ಈ ಚೆಲುವಾದ ಸಂಯೋಗಕ್ಕೆ ಮನಸೋತು ವಿಮರ್ಶೆಯನ್ನು ಬಿಟ್ಟುಕೊಡಬಾರದು. ಹೊಸ ಸಭಾಂಗಣ ತಾನು ಹೊಸದೆಂಬುದನ್ನು ಮರೆಮಾಚುವುದಿಲ್ಲ, ಮನೆಯ ಸಾಲನ್ನೂ ಮುರಿಯುವುದಿಲ್ಲ. ಅದು ಅದರ ಗುಣ. ಆದರೆ ಅದರ ಕಲ್ಪನೆಯಲ್ಲಿ ವಾಸಕ್ಕಿಂತ ದೃಶ್ಯಕ್ಕೆ ಹೆಚ್ಚು ಬೆಲೆಯಿದೆ. ಅದು ಅದರ ಮಿತಿ. ೨೦೨೫ರಲ್ಲಿ, ೧೯೪೦ರ ಬೆಂಕಿಯಿಂದ ಬರಿಯ ಗೋಡೆಗಳಾಗಿ ಉಳಿದಿದ್ದ ಮತ್ತೊಂದು ಕೋಣೆಯನ್ನು ಪುನಃ ಸಿದ್ಧಪಡಿಸಿ, ಅದಕ್ಕಾಗಿಯೇ ನೇಯಿಸಿದ್ದ ಹದಿನೆಂಟನೆಯ ಶತಮಾನದ ಆರಂಭದ ಚಿತ್ರಪಟಗಳನ್ನು ಮತ್ತೆ ತೂಗುಹಾಕಲಾಯಿತು. ಅಲ್ಲಿ ಉಳಿದುಕೊಂಡಿದ್ದ ವಸ್ತುವೇ ತನ್ನ ಕೋಣೆಯನ್ನು ಕೇಳಿ ಪಡೆಯಿತು. ಈ ಎರಡರಲ್ಲಿ ಎರಡನೆಯ ಕಾರಣ ಹೆಚ್ಚು ಬಲವಾದುದೆಂದು ನನ್ನ ಅಭಿಪ್ರಾಯ.

೭

ಇದುವರೆಗಿನ ವಿವೇಚನೆಯಿಂದ ಹೊರಪಡುವ ಮಾನದಂಡವನ್ನು ಹೀಗೆ ಸಂಗ್ರಹಿಸಬಹುದು. ಒಂದು, ಸೇರ್ಪಡೆಯನ್ನು ಅಚ್ಚಿನ ಚಿತ್ರದೊಡನೆ ಹೋಲಿಸದೆ ನೆಲದ ಮೇಲಿನ ಕಟ್ಟಡದೊಡನೆ ಹೋಲಿಸಬೇಕು. ಎರಡು, ಅದರ ಶೈಲಿ ಮೂಲಕ್ಕೆ ಸಮಾನವೇ ಎಂದು ಕೇಳುವುದಕ್ಕಿಂತ, ಅದು ತನ್ನ ಸ್ಥಾನವನ್ನು ಅರಿತಿದೆಯೇ ಎಂದು ಕೇಳಬೇಕು. ಮೂರು, ಮೂಲವು ಮುಂದಿಟ್ಟ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆಯೇ, ಇಲ್ಲವೇ ಬೇರೆಲ್ಲಿಯೋ ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರವನ್ನು ತಂದಿಟ್ಟಿದೆಯೇ ಎಂಬುದನ್ನು ಪರಿಶೀಲಿಸಬೇಕು. ಈ ಮೂರು ಪರೀಕ್ಷೆಗಳಲ್ಲಿ ವ್ಯಾನ್‌ಬ್ರೂವಿನ ತಡವಾದ ಗುಮ್ಮಟವೂ ಗ್ಯಾರೆಟ್ಟನ ಮೆಟ್ಟಿಲುಗಳೂ ತೇರ್ಗಡೆಯಾಗುತ್ತವೆ. ರಾಬಿನ್ಸನನ ಪಾರ್ಶ್ವ ಆಗುವುದಿಲ್ಲ. ಹಾಗೆಂದು ಅದನ್ನು ಕೆಡವಬೇಕೆಂದಲ್ಲ. ತೀರ್ಪು ಬೇರೆ, ಶಿಕ್ಷೆ ಬೇರೆ. ಅದರೊಳಗೆ ಟೇಥಮನ ಚಿತ್ರಶಾಲೆ ಇದೆ, ಬರ್ನ್-ಜೋನ್ಸನ ಕಿಟಕಿಗಳಿವೆ. ದೋಷದ ಆಶ್ರಯದಲ್ಲಿಯೂ ಗುಣ ಬೆಳೆದಿದೆ.

ಈ ವಿಚಾರ ಒಂದು ದೂರದೇಶದ ಅರಮನೆಗೆ ಮಾತ್ರ ಸಂಬಂಧಿಸಿದುದಲ್ಲ. ಪೂರ್ವಿಕರು ಅರೆಯಾಗಿ ಬಿಟ್ಟುಹೋದ ಕೆಲಸವನ್ನು ಕೈಗೆತ್ತಿಕೊಳ್ಳುವ ಪ್ರತಿಯೊಬ್ಬನೂ, ಅವನು ಶಿಲ್ಪಿಯಾಗಲಿ ಸಂಪಾದಕನಾಗಲಿ ಅಧ್ಯಾಪಕನಾಗಲಿ, ರಾಬಿನ್ಸನನ ಸ್ಥಾನದಲ್ಲಿಯೇ ನಿಂತಿರುತ್ತಾನೆ. ಅವನ ಮುಂದಿರುವ ಹಾದಿ ನಕಲು ಮಾಡುವುದಲ್ಲ. ತನ್ನ ಕಾಲದ ಮತವನ್ನು ಹಳೆಯ ಗೋಡೆಗೆ ಒತ್ತಿ ನಿಲ್ಲಿಸುವುದೂ ಅಲ್ಲ. ಮೊದಲು ಅಂಗಳದಲ್ಲಿ ನಿಂತು, ಇರುವ ತೋಳನ್ನು ಚೆನ್ನಾಗಿ ನೋಡಿ, ಅದು ಯಾರಿಗಾಗಿ ಬಾಗಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಅನಂತರ ಕಲ್ಲನ್ನು ಎತ್ತಬಹುದು.